ಅಂಚು ಕತ್ತರಿಸಬೇಡಿ, ಮಾವ

ಸೊಸೆ ಮನೆಗೆ ಬಂದ ಹೊಸತರಲ್ಲಿ, "ನಮ್ಮ ಹುಡುಗಿ ಪುಸ್ತಕವನ್ನ ಹಿಂದಿನಿಂದ ಓದ್ತಾಳೆ" ಎಂದು ನಮ್ಮವಳು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಬದುಕೆಲ್ಲ ಪುಸ್ತಕ ಕಟ್ಟಿದವನು ನಾನು. ಪುಸ್ತಕಕ್ಕೆ ಎದೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ನನಗೆ ಇನ್ನೊಬ್ಬರು ಹೇಳಿಕೊಡುವ ಕಾಲ ಬರುತ್ತದೆ ಅಂತ ಆಗ ಯಾರಾದರೂ ಅಂದಿದ್ದರೆ ಅವರ ತಲೆಗೆ ರಟ್ಟಿನಲ್ಲಿ ಬಾರಿಸುತ್ತಿದ್ದೆ. ಆ ಕಾಲ ಬಂತು. ಹೇಳಿಕೊಟ್ಟವಳು ಇವಳೇ, ಅದೂ ನನ್ನದೇ ಮೇಜಿನ ಮುಂದೆ ನಿಂತು.

ಅವಳ ಅಪ್ಪ ಹಡಗುಗಳಿಗೆ ದಿನಸಿ ತುಂಬಿಸುವ ಕೆಲಸದಲ್ಲಿದ್ದವರು. ಕೆಲಸದ ಬೆನ್ನಿಗೆ ಸಂಸಾರವನ್ನೂ ಕಟ್ಟಿಕೊಂಡು ಅರಬ್ಬಿ ಮಾತಾಡುವ ಒಂದು ಬಂದರಿನಲ್ಲಿ ಬಹಳ ಕಾಲ ಇದ್ದರು. ಇವಳು ಅಲ್ಲಿಯ ಮಕ್ಕಳ ಜೊತೆ ಅಲ್ಲಿಯ ಶಾಲೆಯಲ್ಲೇ ಅಕ್ಷರ ಕಲಿತಳು. ಆಮೇಲೆ ಗ್ರಂಥಾಲಯದ ಓದು ಓದಿ, ನಮ್ಮ ಮಗನನ್ನು ಒಪ್ಪಿಕೊಂಡು ನಮ್ಮ ಮನೆಗೆ ಬಂದಳು. ಮಗ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಅವನಿಗೆ ಪುಸ್ತಕಕ್ಕಿಂತ ನಿದ್ದೆ ಪ್ರೀತಿ. "ಅರಬ್ಬಿ ಇಟ್ಟುಕೊಂಡು ಈ ಊರಲ್ಲಿ ಏನಮ್ಮ ಮಾಡ್ತೀಯ?" ಎಂದು ನಮ್ಮವಳು ಕೇಳಿದ್ದಕ್ಕೆ ಸೊಸೆ, "ಇಟ್ಟಿರ್ತೀನಿ ಅತ್ತೆ, ಅನ್ನವೇನೂ ಕೇಳಲ್ವಲ್ಲ" ಅಂದಿದ್ದಳು. ಅವತ್ತೇ ನನಗೆ ಹುಡುಗಿ ಹಿಡಿಸಿಬಿಟ್ಟಳು.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅರಬ್ಬಿ ಬಲ್ಲವರೊಬ್ಬರು ಬೇಕಾದದ್ದು ಮೇಷ್ಟ್ರ ಪುಸ್ತಕಗಳಿಂದ. ಮೇಷ್ಟ್ರು ಅಂದರೆ ಅಲ್ಲಿ ಅರಬ್ಬಿ ಪಾಠ ಹೇಳಿ, ನಿವೃತ್ತರಾಗಿ, ತಮ್ಮ ಹಿಂದೆಯೇ ಆ ವಿಭಾಗ ಮುಚ್ಚಿದ್ದನ್ನೂ ನೋಡಿದ ಮುದುಕರು. ಮದುವೆ ಇಲ್ಲ, ಮಕ್ಕಳಿಲ್ಲ. ಮನೆಯ ತುಂಬ ಪುಸ್ತಕ. ಓದುವ ವೇಗಕ್ಕಿಂತ ಕೊಳ್ಳುವ ವೇಗ ಹೆಚ್ಚಿದ್ದ ಮನುಷ್ಯ. ದೂರದ ಒಂದು ದೊಡ್ಡ ವಿಶ್ವವಿದ್ಯಾಲಯ ಆ ಪುಸ್ತಕಗಳನ್ನು ಒಯ್ಯಲು ವ್ಯಾನ್ ಕಳಿಸುತ್ತೇವೆ ಎಂದು ಬಹಳ ದಿನದಿಂದ ದುಂಬಾಲು ಬಿದ್ದಿತ್ತು. ಆದರೆ ಅಲ್ಲಿಯವರು ವಿಷಯವಾರು ಬಿಡಿಸಿ ಬೇರೆ ಬೇರೆ ಕಟ್ಟಡಗಳಿಗೆ ಹಂಚುತ್ತಾರೆ. ಮೇಷ್ಟ್ರಿಗೆ ಪುಸ್ತಕಗಳು ಒಟ್ಟಿಗೆ ಒಂದೇ ಕೋಣೆಯಲ್ಲಿರಬೇಕು, ತಾವು ಪಾಠ ಹೇಳಿದ ಜಾಗದಲ್ಲೇ ಇರಬೇಕು ಎಂಬ ಆಸೆ.

ಆದರೂ ಸುಮ್ಮನೆ ಕೊಡಲಿಲ್ಲ. "ಒಂದು ವರ್ಷ ನಿಮ್ಮ ಹತ್ರ ಇಟ್ಕೊಳ್ಳಿ" ಎಂದರು ಗ್ರಂಥಪಾಲರಿಗೆ. "ವರ್ಷ ತುಂಬಿದ ದಿನ ಬರ್ತೀನಿ. ಮೂರು ಪುಸ್ತಕ ಕೇಳ್ತೀನಿ. ಮೂರಕ್ಕೂ ಸರಿಯಾದ ಉತ್ತರ ಕೊಟ್ರೆ ಎಲ್ಲಾ ನಿಮ್ದು. ಒಂದು ತಪ್ಪಿದ್ರೂ ವ್ಯಾನ್ ಬರುತ್ತೆ. ಹುಡುಕಿದ್ದು ಸಿಗದಿರೋ ಪುಸ್ತಕದ ರಾಶಿಗೆ ನಮ್ಮಲ್ಲಿ ಬೇರೆ ಹೆಸರಿದೆ ಸ್ವಾಮಿ, ರದ್ದಿ ಅಂತಾರೆ."

ಹೀಗೆ ನನ್ನ ಸೊಸೆಗೆ ಒಂದು ವರ್ಷದ ಕೆಲಸ ಸಿಕ್ಕಿತು. ಹಳೆಯ ಪುಸ್ತಕ ರಿಪೇರಿಗೆ ಯಾರಾದರೂ ಬೇಕಲ್ಲ, ಮುದ್ರಣಾಲಯ ಬಿಟ್ಟು ಮನೆಯಲ್ಲಿ ಕೂತು ನಮ್ಮವಳ ಜೊತೆ ಜಗಳ ಕಾಯುತ್ತಿದ್ದ ನನ್ನನ್ನೂ ಎಳೆದುಕೊಂಡು ಹೋದಳು. "ಮನೇಲಿ ಶಾಂತಿ, ಲೈಬ್ರರಿಗೆ ಗ್ರಹಚಾರ" ಅಂದಳು ನಮ್ಮವಳು.

ಪುಸ್ತಕ ತುಂಬಲು ನಾವಿಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಮೆಟ್ಟಿಲ ಮೇಲೆ ಪುಸ್ತಕ, ಮಂಚದ ಕೆಳಗೆ ಪುಸ್ತಕ. ಅಡುಗೆಮನೆಯಲ್ಲಿ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ದಪ್ಪ ಪುಸ್ತಕವನ್ನೇ ಒತ್ತುಕೊಟ್ಟಿದ್ದರು. ಕಿಟಕಿಯಿಂದ ಮಳೆನೀರು ಕುಡಿದೂ ಕುಡಿದೂ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಅದು ಇಟ್ಟಿಗೆಯಾಗಿತ್ತು.

"ಅದು ಕುದುರೆ ವೈದ್ಯದ ಪುಸ್ತಕ" ಎಂದರು ಮೇಷ್ಟ್ರು. "ಬೆನ್ನಿನ ಮೇಲಿರೋ ಹೆಸರು ಓದಿದ್ದು ಅಷ್ಟೇ. ಯಾರದೋ ಮನೆಯ ಮೂಟೆಯಲ್ಲಿ ಬಂತು, ಬರುವಾಗಲೇ ಹಾಳೆ ಅಂಟಿತ್ತು, ಮಳೆ ಇನ್ನಷ್ಟು ಅಂಟಿಸಿತು. ಒಂದು ದಿನವೂ ತೆರೆದಿಲ್ಲ. ಬಿಸಾಕಮ್ಮ."

ಸೊಸೆ ಬಿಸಾಕಲಿಲ್ಲ. ತನ್ನ ಊಟದ ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟು, ಇಟ್ಟಿಗೆಯನ್ನು ಆ ಚೀಲದಲ್ಲಿ ಇಟ್ಟುಕೊಂಡಳು. "ಮಾವ ಬಿಡಿಸ್ತಾರೆ" ಅಂದಳು. ಮಾವನನ್ನು ಕೇಳಿಯೇ ಇರಲಿಲ್ಲ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಮಗೊಂದು ಉದ್ದನೆಯ ಕೋಣೆ ಕೊಟ್ಟರು. ಒಂದು ತುದಿಯಲ್ಲಿ ಅವಳ ಮೇಜು, ಕಂಪ್ಯೂಟರು, ನಿಘಂಟುಗಳ ಸಾಲು. ಇನ್ನೊಂದು ತುದಿಯಲ್ಲಿ ನನ್ನ ಮೇಜು, ಅಂಟಿನ ಬಟ್ಟಲು, ಹೊಲಿಗೆಯ ಚೌಕಟ್ಟು, ಹಾಳೆ ಕತ್ತರಿಸುವ ಯಂತ್ರ. ನಡುವೆ ಗೋಡೆಗುಂಟ ಖಾಲಿ ಕಪಾಟುಗಳು. ಮೊದಲ ದಿನವೇ ಎಡವಟ್ಟು. ನಾನು ಬೆಳಗಿನಿಂದ ಕೂತು ಒಂದು ಸಾಲಿಗೆಲ್ಲ ಗ್ರಂಥಾಲಯದ ಚೀಟಿ ಅಂಟಿಸಿ ಹೆಮ್ಮೆಯಿಂದ ತೋರಿಸಿದರೆ, ಎಲ್ಲವೂ ಹಿಂದಿನ ರಟ್ಟಿನ ಒಳಗಿದ್ದವು. ನನ್ನ ಲೆಕ್ಕದ ಮುಂದು ಆ ಪುಸ್ತಕಗಳಿಗೆ ಹಿಂದು. ಸೊಸೆ ನಗಲಿಲ್ಲ. ಒಂದು ಪುಸ್ತಕವನ್ನು ತೆಗೆದು, ಬೆನ್ನು ಬಲಗೈ ಕಡೆಗೆ ಬರುವಂತೆ ನನ್ನ ಮುಂದಿಟ್ಟು, "ಹೀಗೆ ಬಾಗಿಲು ತೆಗೀಬೇಕು ಮಾವ" ಅಂದಳು. ಕಪಾಟುಗಳನ್ನೂ ಬಲದಿಂದ ಎಡಕ್ಕೆ ತುಂಬಿಸಿದಳು. ಗುಡಿಸಲು ಬರುತ್ತಿದ್ದಾಕೆ ಕೂಡ ಒಂದು ವಾರದ ನಂತರ ನಮ್ಮ ಕೋಣೆಯನ್ನು ಬಲಗಡೆಯಿಂದಲೇ ಗುಡಿಸುತ್ತಿದ್ದಳು.

ಅವಳ ಕೆಲಸ ನೋಡಬೇಕು ನೀವು. ಕ್ಯಾಟಲಾಗು ಅಂದರೆ ಹೆಸರು ನೋಡಿ ಹೆಸರು ಬರೆಯುವುದು ಅಂತ ನಾನು ತಿಳಿದಿದ್ದೆ. ಆ ಹಳೆಯ ಲೇಖಕರಿಗೆ ಒಬ್ಬೊಬ್ಬರಿಗೂ ಐದಾರು ಹೆಸರು. ಅಪ್ಪ ಇಟ್ಟದ್ದೊಂದು, ಇಂಥವನ ಮಗ ಎಂದೊಂದು, ಇಂಥವನ ಅಪ್ಪ ಎಂದೊಂದು, ಊರಿನಿಂದ ಒಂದು, ಕಸುಬಿನಿಂದ ಒಂದು. ನಾನು ಮನೆಯಲ್ಲಿ ಅಪ್ಪ, ಬೀದಿಯಲ್ಲಿ ಬೈಂಡರ್ರು, ನಮ್ಮವಳ ಬಾಯಲ್ಲಿ 'ಇವ್ರು' ಆಗಿರುವ ಹಾಗೆ. ಯಾರು ಯಾವ ಹೆಸರು ಹಿಡಿದು ಬಂದರೂ ಅದೇ ಮನುಷ್ಯನ ಮನೆ ಬಾಗಿಲಿಗೆ ತಲುಪುವಂತೆ ಅವಳು ದಾರಿ ಮಾಡಿಡುತ್ತಿದ್ದಳು. ಒಂದು ಹೆಸರಿಗಾಗಿ ಅರ್ಧ ದಿನ ನಿಘಂಟುಗಳಲ್ಲಿ ಮುಳುಗಿರುತ್ತಿದ್ದಳು. ಸಿಕ್ಕಾಗ ಮುಖ ಹೇಗೆ ಅರಳುತ್ತಿತ್ತೆಂದರೆ, ನಾನು ಯಾಕೆ ನನ್ನ ಮೇಜಿನಿಂದ ನಗುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಯಾರಿಗೋ ಕೊಟ್ಟು ಕಳೆದುಕೊಂಡ ಬಿಡಿ ಸಂಪುಟಗಳಿಗೆ ದೇಶದೇಶಗಳ ಪುಸ್ತಕದಂಗಡಿಗಳಿಗೆ ಬರೆದು ಜೋಡಿ ತರಿಸಿದಳು. ಮುರಿದ ಹಲ್ಲಿನ ಸಾಲು ಮತ್ತೆ ತುಂಬಿದ ಹಾಗೆ ಕಪಾಟು ತುಂಬತೊಡಗಿತು.

ಗ್ರಂಥಪಾಲರು ದಿನಾ ಸಂಜೆ ಇಳಿದು ಬರುತ್ತಿದ್ದರು. ಬಾಗಿಲಲ್ಲೇ ನಿಂತು, "ಎಷ್ಟಾಯ್ತು?" ಹಾಡಿದ್ದೇ ಹಾಡೋ ಕಿಸಬಾಯಿದಾಸ. ನಾನು ಅವರಿಗೆ ಮನಸ್ಸಿನಲ್ಲೇ 'ಎಷ್ಟಾಯ್ತು ಸಾಹೇಬರು' ಎಂದು ಹೆಸರಿಟ್ಟೆ. ಕೆಟ್ಟ ಮನುಷ್ಯರೇನಲ್ಲ, ಪೆಟ್ಟಿಗೆಗಳು ಬಂದ ದಿನ ಕೋಟು ಬಿಚ್ಚಿಟ್ಟು ತಾವೂ ಹೊತ್ತವರು. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಆ ತುದಿಯಿಂದ ಹೇಳುತ್ತಿದ್ದಳು, "ಮಾವ, ಅಂಟು ಆರುತ್ತೆ." ಅಂದರೆ ಸುಮ್ಮನೆ ಕೆಲಸ ನೋಡಿ ಅಂತ. ಬಟ್ಟಲಲ್ಲಿ ಅಂಟು ಇರಲಿ ಬಿಡಲಿ, ಆ ಮಾತಿಗೆ ನಾನು ತೆಪ್ಪಗಾಗುತ್ತಿದ್ದೆ.

ಕಪಾಟು ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗ ಆ ಸಂಗತಿ ನಡೆಯಿತು.

ನಮ್ಮ ಕಸುಬಿನಲ್ಲಿ ಪುಸ್ತಕ ಹೊಲಿದ ಮೇಲೆ ಮೂರು ಅಂಚನ್ನೂ ಒಂದು ಎಳೆಯಷ್ಟು ಕತ್ತರಿಸುತ್ತೇವೆ. ಕತ್ತರಿಸಿದ ಅಂಚು ಸವರಿದರೆ ರೇಷ್ಮೆಯಂತಿರಬೇಕು, ಅದೇ ಬೈಂಡರಿನ ಸಹಿ. ಅವತ್ತು ಒಂದು ಹಳೆಯ ಕಾನೂನಿನ ಪುಸ್ತಕ ಹೊಲಿದು ಮುಗಿಸಿದ್ದೆ. ಹಾಳೆಗಳ ಅಂಚು ಇಲಿ ತಿಂದಂತೆ ಸೊಟ್ಟಸೊಟ್ಟ. ನಡುವೆ ಚೌಕದಲ್ಲಿ ದೊಡ್ಡ ಅಕ್ಷರ. ಸುತ್ತಲಿನ ಖಾಲಿ ಜಾಗದಲ್ಲೂ ಅಂಚಿನವರೆಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಇಂಥವು ಬಹಳ ಇದ್ದವು. ಅಂಚಿನಲ್ಲಿರುವುದು ನಡುವಿನ ಪಾಠಕ್ಕೆ ಬರೆದ ಟಿಪ್ಪಣಿ ಎಂದು ಸೊಸೆಯೇ ಹೇಳಿದ್ದಳು. ಯಂತ್ರಕ್ಕೆ ಪುಸ್ತಕ ಕೊಟ್ಟು, ಹಿಡಿಕೆ ಎಳೆಯುವ ಮುನ್ನ ಕೂಗಿ ಕೇಳಿದೆ.

"ಏನಮ್ಮಾ, ಟಿಪ್ಪಣೀಲಿ ಒಂದು ಎಳೆ ಹೋದ್ರೆ ಪರವಾಗಿಲ್ವಾ?"

"ಕತ್ತರಿಸಬೇಡಿ ಮಾವ. ಬಂದೆ."

ಬಂದು, ಪುಸ್ತಕ ಹೊರಗೆ ತೆಗೆದು, ತಲೆ ಓರೆ ಮಾಡಿ ಅಂಚಿನ ಸಾಲು ಓದಿದಳು. ಹಾಳೆ ಮಗುಚಿದಳು, ಮತ್ತೆ ಅಂಚನ್ನೇ ಓದಿದಳು. ಮತ್ತೆ ಮಗುಚಿದಳು. ನಡುವಿನ ಪಾಠದ ಕಡೆ ನೋಡಲೇ ಇಲ್ಲ. ಓದುತ್ತ ಓದುತ್ತ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಇದು ಟಿಪ್ಪಣಿ ಅಲ್ಲ ಮಾವ" ಎಂದಳು ಕೊನೆಗೆ. "ಟಿಪ್ಪಣಿ ಆದ್ರೆ ಅಲ್ಲಲ್ಲೇ ನಿಲ್ಲಬೇಕು. ಇದು ನಿಲ್ತಾನೇ ಇಲ್ಲ. ಒಂದು ಪುಟದ ಅಂಚಿಂದ ಇನ್ನೊಂದು ಪುಟದ ಅಂಚಿಗೆ ಹೋಗ್ತಾನೇ ಇದೆ. ನಡುವೆ ಕಾನೂನು. ಅಂಚಲ್ಲಿ ಯಾರೋ ಹಣ್ಣಿನ ಗಿಡ ಕಸಿ ಮಾಡೋದರ ಬಗ್ಗೆ ಬರೆದಿದ್ದಾರೆ. ಇದು ಬೇರೇನೇ ಪುಸ್ತಕ."

ಹಿಂದಿನವರು ಕಾಗದ ಉಳಿಸಲು ಒಂದು ಪುಸ್ತಕದ ಅಂಚಿನಲ್ಲಿ ಇನ್ನೊಂದನ್ನು ಅಚ್ಚುಹಾಕುತ್ತಿದ್ದರಂತೆ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಪುಟದಲ್ಲಿ 'ಅಂಚಿನಲ್ಲಿ ಇಂಥದ್ದಿದೆ' ಎಂದು ಹೇಳಿದ್ದ ಕಡೆಯೆಲ್ಲ ಅದಕ್ಕೂ ಬೇರೆ ದಾಖಲೆ ಮಾಡಿದ್ದಳು. ಆದರೆ ಮೇಷ್ಟ್ರ ಎಷ್ಟೋ ಪುಸ್ತಕಗಳಿಗೆ ಮೊದಲ ಪುಟವೇ ಇರಲಿಲ್ಲ. ಅಂಥವುಗಳಲ್ಲಿ ಅಂಚಿನದ್ದು ನಡುವಿನದರ ಟಿಪ್ಪಣಿಯೇ ಇರಬೇಕೆಂದು ನಂಬಿ ಮುಂದೆ ಹೋಗಿದ್ದಳು.

ಊಟಕ್ಕೆ ಕೂತಾಗ ಹೇಳಿದಳು, "ಮಾಡಿದ್ದನ್ನೆಲ್ಲ ಮತ್ತೆ ತೆಗೀಬೇಕು. ಮೊದಲಿಂದ."

ಮಗ ತಟ್ಟೆಯಿಂದ ತಲೆಯೆತ್ತಿದ. ನಮ್ಮವಳು ಬಡಿಸುವ ಸೌಟು ಹಿಡಿದೇ ನಿಂತಳು. "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲೇ ಹುಡುಗಿ. ವರ್ಷ ತುಂಬೋಕೆ ಇನ್ನೇನು ಬಂತು. ಮುಂದಿನದನ್ನ ಮುಗಿಸು. ಅಂಚಲ್ಲಿ ಏನಿತ್ತು ಅಂತ ಯಾರು ಬಂದು ನೋಡ್ತಾರೆ?"

"ಅದೇ ಅತ್ತೆ, ಯಾರೂ ನೋಡಲ್ಲ" ಎಂದಳು ಸೊಸೆ. "ಯಾರೋ ಬರ್ತಾರೆ, ಹಣ್ಣಿನ ಗಿಡದ ಪುಸ್ತಕ ಇದೆಯಾ ಅಂತ ಕೇಳ್ತಾರೆ. ಇಲ್ಲ ಅಂತೀನಿ. ಅವರು ನನ್ನ ಮಾತು ನಂಬಿ ಹೊರಟುಹೋಗ್ತಾರೆ. ಮನೇಲಿ ಇರೋದನ್ನ ಇಲ್ಲ ಅಂದಂಗಾಗುತ್ತೆ."

ನಮ್ಮವಳು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವಳು ಸೋತಳು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು. ನನಗಂತೂ ಎದೆ ತುಂಬಿಬಂತು. ಯಾರಿಗೂ ಕಾಣದ ತಪ್ಪನ್ನು ತಾನೇ ಎತ್ತಿ ಬೆಳಕಿಗೆ ಹಿಡಿಯುವ ಎದೆಗಾರಿಕೆ ನನ್ನ ಕಸುಬಿನ ದೊಡ್ಡದೊಡ್ಡವರಲ್ಲೂ ನಾನು ಕಂಡಿರಲಿಲ್ಲ.

ಮರುದಿನ ಸಂಜೆ ಸಾಹೇಬರು ಬಂದರು. "ಎಷ್ಟಾಯ್ತು?"

"ಕಮ್ಮಿಯಾಯ್ತು ಸರ್" ಎಂದಳು.

ಪಾಪ, ಅವರ ಉದ್ಯೋಗದಲ್ಲೇ ಅಂಥ ಉತ್ತರ ಕೇಳಿರಲಿಲ್ಲ. ವಿಷಯ ಕೇಳಿ ಹಣೆ ಒತ್ತಿಕೊಂಡರು. "ನೋಡಿ, ಮೇಷ್ಟ್ರು ಮೂರು ಕೇಳ್ತಾರೆ. ಅವರ ಹತ್ರ ಇದ್ದ ಪುಸ್ತಕ ತಾನೇ ಕೇಳೋದು? ರಟ್ಟಿನ ಒಳಗೆ ಎಷ್ಟಿದೆ ಅಂತ ಆಮೇಲೆ ನೋಡೋಣ. ಕಪಾಟಿಗೆ ಹತ್ತದೇ ಉಳಿದದ್ದನ್ನ ಕೇಳಿಬಿಟ್ರೆ ಎಲ್ಲಾ ಕೈ ಬಿಟ್ಟುಹೋಗುತ್ತೆ. ನಿಮ್ಮ ಕೆಲಸವೂ."

"ಹೌದು ಸರ್. ಬೇಗ ಬೇಗ ಮಾಡ್ತೀನಿ. ಆದ್ರೆ ಎರಡೂ ಮಾಡ್ತೀನಿ."

"ಹೊರಗಿನ ಪ್ರೆಸ್ಸಿಗೆ ಕೊಟ್ಟು ಎಲ್ಲಕ್ಕೂ ಒಂದೇ ಅಳತೆ ಅಂಚು ಹೊಡೆಸೋಣ, ಬೈಂಡಿಂಗಿನ ಸಮಯವಾದ್ರೂ ಉಳಿಯುತ್ತೆ" ಎಂದರು.

ಅದು ನನ್ನ ಮೇಲೆ ಬಂದ ಮಾತು. ಎದ್ದು ನಿಂತೆ. "ಅಂಚು ಹೊಡೆಸ್ತೀರಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಕೇಳಿದ್ದೀರಾ ಸ್ವಾಮಿ? ಈ ಕೋಣೆಯಿಂದ ಒಂದು ಹಾಳೆ ಆಚೆ..."

"ಮಾವ, ಅಂಟು ಆರುತ್ತೆ."

ಕೂತೆ. ಆದರೆ ಅವತ್ತೇ ಕತ್ತರಿಸುವ ಯಂತ್ರದ ಹಿಡಿಕೆ ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಆ ಕೋಣೆಯಲ್ಲಿ ಮತ್ತೆ ಯಾವ ಅಂಚೂ ಕತ್ತರಿಸಲಿಲ್ಲ. ನನ್ನ ಸಹಿ ಇಲ್ಲದ ಸೊಟ್ಟ ಪುಸ್ತಕಗಳು ಸಾಲಾಗಿ ಕಪಾಟು ಸೇರಿದವು, ನನಗೆ ಬೇಸರವೂ ಆಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಕೆಲಸ ಮಾಡಿದ ರೀತಿ ಹೇಳಿದರೆ ಸೊಸೆಯನ್ನು ಹೊಗಳುತ್ತಾನೆ ಮುದುಕ ಅನ್ನುತ್ತೀರಿ. ಅನ್ನಿ. ಹೊಗಳಲಿಕ್ಕೇ ಕೂತಿದ್ದೇನೆ. ಪುಸ್ತಕವನ್ನು ಮೊದಲು ನೇರ ಹಿಡಿದು ನಡುವನ್ನು ನೋಡುವಳು, ಆಮೇಲೆ ಓರೆ ಹಿಡಿದು ಅಂಚನ್ನು. ಕತ್ತು ನೋವು ಬಂದು ನಮ್ಮವಳು ಎಣ್ಣೆ ತಿಕ್ಕಿದಳು. ಒಂದು ವ್ಯಾಕರಣದ ಅಂಚಿನಲ್ಲಿ ತೂಕ ಅಳತೆಗಳ ಪುಸ್ತಕ, ಒಂದು ಕವಿತೆಯ ಅಂಚಿನಲ್ಲಿ ಜ್ವರದ ಮದ್ದು. ಬಾಡಿಗೆಗೆ ಕೂತವರ ಹಾಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು. ಸಿಕ್ಕ ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ದಾಖಲೆ, ಯಾರ ಮನೆಯಲ್ಲಿದ್ದಾರೆ ಎಂಬ ವಿಳಾಸ. ಹೊಸದೊಂದು ಸಿಕ್ಕಾಗಲೆಲ್ಲ ಆ ತುದಿಯಿಂದ ಕೂಗಿ ನನಗೆ ಹೇಳುವಳು. ಅರಬ್ಬಿಯ ಒಂದಕ್ಷರ ಬಾರದ ನಾನು ಏನೋ ನಮ್ಮ ಮನೆಗೇ ನೆಂಟರು ಬಂದ ಹಾಗೆ ಹಿಗ್ಗುತ್ತಿದ್ದೆ.

ಕಿಟಕಿಯ ಇಟ್ಟಿಗೆ ನನ್ನ ಪಾಲಿಗೆ ಬಂದಿತ್ತು. ಒದ್ದೆ ಬಟ್ಟೆಯ ಹಬೆಯಲ್ಲಿ ಇಡುವುದು, ಎಲುಬಿನ ಪಟ್ಟಿಯನ್ನು ಹಾಳೆಗಳ ನಡುವೆ ಉಸಿರು ಬಿಗಿಹಿಡಿದು ತೂರಿಸುವುದು, ಬಿಟ್ಟುಕೊಂಡ ಹಾಳೆಯನ್ನು ಒತ್ತುಕಾಗದದ ನಡುವೆ ಆರಿಸುವುದು. ಒಂದು ದಿನ ನಾಲ್ಕು ಹಾಳೆ ಬಂದರೆ ಹಬ್ಬ. ಸಾಹೇಬರು ಒಮ್ಮೆ, "ಕುದುರೆ ವೈದ್ಯಕ್ಕೆ ಇಷ್ಟು ಶುಶ್ರೂಷೆನಾ? ಈಗ ಕುದುರೆ ಎಲ್ಲಿವೆ?" ಎಂದರು. ಸೊಸೆ ನನ್ನತ್ತ ನೋಡಿದಳು. ನಾನಾಗಿಯೇ ಅಂಟಿನ ಬಟ್ಟಲ ಕಡೆ ತಿರುಗಿದೆ. ಹಾಳೆಗಳೆಲ್ಲ ಬಿಟ್ಟುಕೊಂಡಾಗ ಅದರ ಅಂಚಿನಲ್ಲೂ ಒಬ್ಬ ಬಾಡಿಗೆದಾರ ಇದ್ದ. ನಕ್ಷತ್ರ ನೋಡಿ ದಾರಿ ಹಿಡಿಯುವ ಬಗೆಯನ್ನು ಪ್ರಯಾಣಿಕರಿಗೆ ಹೇಳುವ ಸಣ್ಣ ಪುಸ್ತಕ ಎಂದಳು. ದಾಖಲೆ ಮಾಡಿದಳು, ಬಲಗಡೆಯ ಕಪಾಟಿಗೆ ಸೇರಿಸಿದಳು, ಮುಂದಿನದಕ್ಕೆ ಕೈ ಹಾಕಿದಳು.

ವರ್ಷ ತುಂಬಿದ ದಿನ ಇನ್ನೂ ಒಂದು ಕಪಾಟಿನಷ್ಟು ಪುಸ್ತಕಗಳು ಪೆಟ್ಟಿಗೆಗಳಲ್ಲೇ ಉಳಿದಿದ್ದವು. ದೊಡ್ಡ ವಿಶ್ವವಿದ್ಯಾಲಯದ ವ್ಯಾನು ಬೆಳಗ್ಗೆಯೇ ಬಂದು ಅಂಗಳದಲ್ಲಿ ನಿಂತಿತ್ತು. ಚಾಲಕ ಬಾಗಿಲು ತೆರೆದಿಟ್ಟು ನಿದ್ದೆ ಮಾಡುತ್ತಿದ್ದ. ಸಾಹೇಬರು ಮೇಷ್ಟ್ರ ಕೈಹಿಡಿದು ಮೆಟ್ಟಿಲು ಇಳಿಸಿ ಕರೆತಂದರು. ಮುದುಕರು ಕಪಾಟುಗಳ ಉದ್ದಕ್ಕೂ ನಡೆದು, ಬೆನ್ನುಗಳನ್ನು ಬೆರಳಿನಿಂದ ಸವರಿ, ಕುರ್ಚಿಯಲ್ಲಿ ಕೂತರು. ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು. ನಾನು ನನ್ನ ಸ್ಟೂಲನ್ನು ಅವುಗಳಿಗೆ ಅಡ್ಡ ಎಳೆದುಕೊಂಡು ಕೂತೆ.

ಮೊದಲನೆಯದು ಅವರೇ ಪಾಠ ಹೇಳುತ್ತಿದ್ದ ವ್ಯಾಕರಣ. ಸೊಸೆ ಕಂಪ್ಯೂಟರು ಮುಟ್ಟದೆಯೇ ತಂದುಕೊಟ್ಟಳು. ಎರಡನೆಯದಕ್ಕೆ ಪುಸ್ತಕದ ಹೆಸರು ಹೇಳದೆ ಲೇಖಕನ ಹೆಸರು ಹೇಳಿದರು, ಅದೂ ಹತ್ತಿರದವರು ಮಾತ್ರ ಕರೆಯುತ್ತಿದ್ದ ಅಡ್ಡಹೆಸರು. ಸೊಸೆ ಬೆರಳಾಡಿಸಿದಳು, ಒಂದು ಕ್ಷಣ ನೋಡಿದಳು, ಎದ್ದುಹೋಗಿ ತಂದಳು. ಮೇಷ್ಟ್ರ ಹುಬ್ಬು ಮೇಲೇರಿತು. ಸಾಹೇಬರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ಮೂರನೆಯದಕ್ಕೆ ಮೇಷ್ಟ್ರು ಕಣ್ಣು ಮುಚ್ಚಿ ಅರಬ್ಬಿಯಲ್ಲಿ ಉದ್ದನೆಯ ಹೆಸರೊಂದನ್ನು ಹೇಳಿದರು. ನನಗೆ ಅರ್ಥವಾಗಲಿಲ್ಲ. ಸೊಸೆ ಕೀಲಿಗಳನ್ನು ಒತ್ತಿ, ಪರದೆ ನೋಡಿ, "ಇದೆ ಮೇಷ್ಟ್ರೇ" ಅಂದಳು.

ಮೇಷ್ಟ್ರು ಕಣ್ಣು ತೆರೆದರು. ಆ ಮುಖದಲ್ಲಿ ಸಂತೋಷ ಇರಲಿಲ್ಲ.

"ನೋಡಮ್ಮ" ಎಂದರು ಮೆಲ್ಲಗೆ. "ಇದನ್ನ ಬೇಕು ಅಂತಲೇ ಕೇಳಿದೆ. ನನ್ನ ಗುರುಗಳು ಮಾಳಿಗೆ ಮೇಲೆ ಮಲಗಿಸಿಕೊಂಡು, ಆಕಾಶ ತೋರಿಸಿ, ಬಾಯಿಪಾಠ ಮಾಡಿಸಿದ ಪುಸ್ತಕ ಇದು. ಅವರು ಹೋದ ಮೇಲೆ ಅವರ ಪ್ರತಿ ಎಲ್ಲಿ ಹೋಯ್ತೋ. ಅಂಗಡಿ ಅಂಗಡಿ ಅಲೆದೆ, ಬದುಕೆಲ್ಲ ಹುಡುಕಿದೆ, ಸಿಗಲಿಲ್ಲ. ನನ್ನ ಹತ್ರ ಅದು ಇಲ್ಲವೇ ಇಲ್ಲ. ಇಲ್ಲದ್ದನ್ನ ಇಲ್ಲ ಅನ್ನೋ ಧೈರ್ಯ ಇರೋ ಕಡೆ ನನ್ನ ಪುಸ್ತಕ ಇರಲಿ ಅಂತ ಆಸೆ ಇತ್ತು. ನೀನು ಇದೆ ಅಂದುಬಿಟ್ಟೆ."

ಸಾಹೇಬರ ಮುಖ ಬಿಳಿಚಿತು. "ಮೇಷ್ಟ್ರೇ, ಆತುರದಲ್ಲಿ ಏನೋ ಹೆಚ್ಚುಕಮ್ಮಿ... ಇಲ್ಲ ಅಂತಲೇ ನಮ್ಮ ಉತ್ತರ ಅಂತ ತಿಳ್ಕೊಳ್ಳಿ. ಇಲ್ಲ ಅಂದ್ಬಿಡಮ್ಮ."

"ಇರೋದನ್ನ ಹೇಗೆ ಇಲ್ಲ ಅನ್ನಲಿ ಸರ್?"

ನಾನು ಎದ್ದೇಬಿಟ್ಟಿದ್ದೆ. ಆ ಮುದುಕರಿಗೆ ನಾಲ್ಕು ಮಾತು ಹೇಳಬೇಕು ಅಂತ ಬಾಯಿಗೆ ಬಂದಿತ್ತು. "ಮಾವ, ಅಂಟು ಆರುತ್ತೆ" ಎಂದಳು. ಅವತ್ತು ಮೇಜಿನ ಮೇಲೆ ಬಟ್ಟಲೇ ಇರಲಿಲ್ಲ.

ಬಲಗಡೆಯ ಕಪಾಟಿಗೆ ಹೋಗಿ ದಪ್ಪನೆಯ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ತಂದು ಅವರ ಮುಂದಿಟ್ಟಳು. ಮೇಷ್ಟ್ರು ಬೆನ್ನಿನ ಮೇಲಿನ ಹೆಸರು ಓದಿ, "ಇದು ಕುದುರೆ ವೈದ್ಯ" ಎಂದರು. "ನನ್ನ ಅಡುಗೆಮನೆ ಕಿಟಕಿದು."

"ನಡುವೆ ಕುದುರೆ ವೈದ್ಯ. ನೀವು ಅಂಚಲ್ಲಿ ನೋಡಿ."

ಅವಳು ಪುಸ್ತಕವನ್ನು ಸ್ವಲ್ಪ ಓರೆಯಾಗಿ ತಿರುಗಿಸಿಕೊಟ್ಟಳು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಮೊದಲು ತುಟಿ ಮಾತ್ರ ಅಲ್ಲಾಡಿತು, ಆಮೇಲೆ ದನಿ ಬಂತು. ಅಂಚಿನ ಆ ಓರೆ ಸಾಲುಗಳನ್ನು ಬೆರಳಿಟ್ಟು ಓದಿದರು. ಪುಟ ಮುಗಿಯಿತು. ಹಾಳೆ ಮಗುಚಲಿಲ್ಲ, ತಲೆಯೆತ್ತಿ, ನಮ್ಮ ನೆಲಮಾಳಿಗೆಯ ಸೂರನ್ನು ನೋಡುತ್ತ ಮುಂದಿನದನ್ನು ಹೇಳುತ್ತಲೇ ಹೋದರು. ಸೊಸೆ ಮೆಲ್ಲಗೆ ಹಾಳೆ ಮಗುಚಿ, ಅವರು ಹೇಳಿದ್ದರ ಹಿಂದೆ ಅಂಚಿನಲ್ಲಿ ಬೆರಳು ಓಡಿಸಿದಳು. ಬೆರಳು ಎಲ್ಲೂ ತಡೆಯಲಿಲ್ಲ. ಹೇಳುತ್ತ ಹೇಳುತ್ತ ಒಂದು ಕಡೆ ಅವರ ದನಿ ಕಟ್ಟಿತು, ಮಗುವಿನ ಹಾಗೆ ಅತ್ತುಬಿಟ್ಟರು.

ಅಂಥ ಹೊತ್ತಿನಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ" ಅಂದುಬಿಟ್ಟೆ.

ಸೊಸೆ ನನ್ನನ್ನು ಕಣ್ಣಲ್ಲೇ ಸುಟ್ಟಳು. ಆದರೆ ಮೇಷ್ಟ್ರು ಅಳುತ್ತಲೇ ನಕ್ಕರು. "ಅಂಗೈಲಿ ಇಟ್ಕೊಂಡಿದ್ರೆ ಪರವಾಗಿರಲಿಲ್ಲ. ಕಿಟಕಿಗೆ ಒತ್ತುಕೊಟ್ಟಿದ್ದೆ" ಎಂದರು.

ಸಾಹೇಬರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ವ್ಯಾನಿನವನಿಗೆ ಏನು ಹೇಳಲಿ ಮೇಷ್ಟ್ರೇ?" ಎಂದು ಕೇಳಿದರು.

"ಹೋಗೋಕೆ ಹೇಳಿ. ಇವು ಇಲ್ಲೇ ಇರ್ತವೆ."

ಸಾಹೇಬರು ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಸೊಸೆಯ ಕಡೆ ತಿರುಗಿ ಕೈಮುಗಿದು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಎಷ್ಟಾಯ್ತು ಅಂತ ಕೇಳಲಿಲ್ಲ. ಅವತ್ತಿನಿಂದ ನಾನೂ ಆ ಹೆಸರು ಬಿಟ್ಟೆ.

ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಕೋಣೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಯಾರದೋ ಮನೆಗೆ ಮೊದಲ ಸಲ ಬಂದವರ ಹಾಗೆ. ಆಮೇಲೆ ನನ್ನ ಸೊಸೆಯ ಕೈ ಹಿಡಿದು ಕೇಳಿದರು.

"ನನ್ನ ಮನೇಲಿ ಇನ್ನೂ ಏನೇನಿತ್ತು, ಹೇಳಮ್ಮ."

ಸೊಸೆ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. ನಾನು ಬಲಗಡೆಯ ಕಪಾಟಿನಿಂದ ಮೊದಲ ಪುಸ್ತಕ ತಂದು, ಬೆನ್ನು ಬಲಕ್ಕೆ ಬರುವಂತೆ ಅವರಿಬ್ಬರ ಮುಂದೆ ಇಟ್ಟೆ.